ಒಂದೇ ಕುಸ್ತಿಗೆ ಐದು ಸಂಗೀತ ಹಚ್ಚಿ ನೋಡಿದ್ದು

ಯಾದಗಿರಿ ಜಿಲ್ಲೆಯಲ್ಲಿ ಭೀಮಾ ದಂಡೆಯ ಹಳ್ಳಿಯೊಂದರ ಜಾತ್ರೆಗೆ ಕಳೆದ ವರ್ಷ ಹೋದಾಗ ಕೊನೆಯ ಜೋಡಿಯ ಕುಸ್ತಿಯನ್ನು ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ಹಿಡಿದುಕೊಂಡು ಬಂದಿದ್ದೆ. ಬೆಳ್ಳಿ ಕಡಗಕ್ಕಾಗಿ ನಡೆದ ಆ ನಿಕಾಲಿ ಕುಸ್ತಿ 19 ನಿಮಿಷ ಎಳೆಯಿತು. ಅದರಲ್ಲಿ ಸುಮಾರು 14 ನಿಮಿಷ ಪೈಲ್ವಾನರಿಬ್ಬರೂ ಹಣೆಗೆ ಹಣೆ ಹಚ್ಚಿ, ಒಬ್ಬರ ಕುತ್ತಿಗೆಯ ಮೇಲೆ ಇನ್ನೊಬ್ಬರು ಕೈಯಿಟ್ಟು, ಮೇಲ್ನೋಟಕ್ಕೆ ಏನೂ ಮಾಡದೆ ನಿಂತಿದ್ದರು. ಫಲಿತಾಂಶ ಬಂದದ್ದು ಒಂದೂವರೆ ಸೆಕೆಂಡಿನಲ್ಲಿ. ಇದನ್ನು 2 ನಿಮಿಷ 40 ಸೆಕೆಂಡಿಗೆ ಇಳಿಸಿ, ಐದು ಬಗೆಯ ಸಂಗೀತಕ್ಕೆ ಐದು ಸಲ ಬೇರೆ ಬೇರೆಯಾಗಿ ಕತ್ತರಿಸಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಸ್ಟುಡಿಯೊ ಒಂದರಲ್ಲಿ ಹಗಲೆಲ್ಲ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವುದು ನನ್ನ ಕೆಲಸವಾದ್ದರಿಂದ, ಈ ಪ್ರಯೋಗವೆಲ್ಲ ರಾತ್ರಿ ಹತ್ತರ ನಂತರ ನಡೆಯಿತು. ಐದನ್ನೂ ಮೂವರಿಗೆ ತೋರಿಸಿದೆ: ಚಿಕ್ಕಂದಿನಿಂದ ಟಿವಿಯಲ್ಲಿ ಅಮೆರಿಕದ ಪ್ರದರ್ಶನ ಕುಸ್ತಿಯಾದ ಡಬ್ಲ್ಯೂಡಬ್ಲ್ಯೂಇ ನೋಡಿಕೊಂಡೇ ಬೆಳೆದ ನನ್ನ ತಮ್ಮನಿಗೆ, ಕುಸ್ತಿಯ ಗಂಧವೇ ಇಲ್ಲದ ಸ್ಟುಡಿಯೊದ ಗೆಳೆಯನಿಗೆ ಮತ್ತು ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಗರಡಿ ನಡೆಸಿದ ವಸ್ತಾದರಿಗೆ.

ಕ್ರಿಕೆಟ್ ಅಥವಾ ಕಬಡ್ಡಿಯ ತುಣುಕುಗಳಿಗೆ ಸಂಗೀತ ಹುಡುಕುವುದು ಅಷ್ಟು ಕಷ್ಟವಲ್ಲ, ಏಕೆಂದರೆ ಅಲ್ಲಿ ಪೆಟ್ಟು, ಓಟ, ಹಿಡಿತ ಎಲ್ಲವೂ ಮೇಲಿಂದ ಮೇಲೆ ಬರುತ್ತಿರುತ್ತವೆ. ಕುಸ್ತಿಯಲ್ಲಿ, ಅದರಲ್ಲೂ ಅಂಕವೂ ಸಮಯದ ಮಿತಿಯೂ ಇಲ್ಲದೆ ಒಬ್ಬನ ಬೆನ್ನು ಮಣ್ಣಿಗೆ ತಾಗಿ ಅವನು ಚಿತ್ ಆಗುವವರೆಗೆ ನಡೆಯುವ ನಿಕಾಲಿಯಲ್ಲಿ, ನೋಡುವವನ ಎದೆ ಬಡಿದುಕೊಳ್ಳುವುದು ಏನೂ ಆಗದಿರುವ ಹೊತ್ತಿನಲ್ಲಿಯೇ. ಆ ನಿಶ್ಚಲತೆಯನ್ನು ಕತ್ತರಿಸಿ ಎಸೆದರೆ ಪಟ್ಟು ಬಿದ್ದಾಗ ಅದಕ್ಕೆ ತೂಕವಿರುವುದಿಲ್ಲ. ಹಾಗೆಯೇ ಇಟ್ಟರೆ ಫೋನಿನ ಮುಂದೆ ಕುಳಿತವನು ಬೆರಳಾಡಿಸಿ ಮುಂದಿನ ವಿಡಿಯೊಗೆ ಹೋಗಿಬಿಡುತ್ತಾನೆ. ಹೀಗಾಗಿ ನಿಂತ ಚಿತ್ರವನ್ನು ಹೊತ್ತು ನಿಲ್ಲಬಲ್ಲ, ಪಟ್ಟು ಬಿದ್ದ ಕೂಡಲೇ ಅದರ ಜೊತೆಗೇ ನೆಲಕ್ಕೆ ಬೀಳಬಲ್ಲ ಸಂಗೀತ ಬೇಕೆನ್ನುವುದೇ ನನ್ನ ಅಳತೆಗೋಲಾಗಿತ್ತು.

ಮೊದಲು ಹಚ್ಚಿದ್ದು ಡಬ್ಲ್ಯೂಡಬ್ಲ್ಯೂಇ ಮಾದರಿಯ ಪ್ರವೇಶ ಸಂಗೀತ, ಅಂದರೆ ಭಾರವಾದ ಗಿಟಾರು ಮತ್ತು ಡ್ರಮ್ಮು. ಟೆನ್ ಸ್ಪೋರ್ಟ್ಸ್ ಚಾನೆಲ್ಲಿನ ಕಾಲದಿಂದ ನಮ್ಮ ತಲೆಮಾರಿನವರಿಗೆಲ್ಲ ಇದರ ಮೋಹವಿದೆ. ಗಾಜು ಒಡೆದ ಸದ್ದಾದರೆ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್, ಗಂಟೆ ಬಾರಿಸಿದರೆ ಅಂಡರ್‌ಟೇಕರ್ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆವು; ಈ ಸಂಗೀತವನ್ನು ಆ ಸಂಸ್ಥೆಗೆ ಮಾಡಿಕೊಟ್ಟ ಜಿಮ್ ಜಾನ್‌ಸ್ಟನ್ ಅವರ ಜಾಣ್ಮೆ ಇರುವುದೇ ಮೊದಲ ಸೆಕೆಂಡಿನಲ್ಲಿ ಆಳಿನ ಗುರುತು ಹಿಡಿಸುವುದರಲ್ಲಿ. ನನ್ನ ವಿಡಿಯೊದಲ್ಲಿಯೂ ಪೈಲ್ವಾನ ತೊಡೆ ತಟ್ಟಿ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುವವರೆಗಿನ 20 ಸೆಕೆಂಡು ಮೈ ಜುಮ್ಮೆನ್ನುವಂತೆ ಬಂದವು. ಕುಸ್ತಿ ಹತ್ತಿದ ಮೇಲೆ ಅದೇ ಸಂಗೀತ ಭಾರವಾಗತೊಡಗಿತು. ಯಾಕೆಂದು ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು: ಅದು ನಡೆದುಬರುವುದಕ್ಕೆ ಮಾಡಿದ ಸಂಗೀತವೇ ಹೊರತು ಹೋರಾಡುವುದಕ್ಕೆ ಮಾಡಿದ್ದಲ್ಲ. ಡಬ್ಲ್ಯೂಡಬ್ಲ್ಯೂಇಯಲ್ಲಿ ಕೂಡ ಪಂದ್ಯದ ಗಂಟೆ ಬಾರಿಸುವಷ್ಟರಲ್ಲಿ ಪ್ರವೇಶ ಸಂಗೀತ ನಿಂತಿರುತ್ತದೆ. ಆಮೇಲೆ ಕೇಳುವುದು ಜನರ ಕೂಗು, ವೀಕ್ಷಕ ವಿವರಣೆ ಮತ್ತು ರಿಂಗಿನ ಹಲಗೆಯ ಸದ್ದು ಮಾತ್ರ. ಅಭಿಮಾನಿಗಳಾದ ನಾವು ಅದನ್ನು ಎಳೆದು ಪಂದ್ಯದ ಮೇಲೆಲ್ಲ ಹೊದಿಸುತ್ತೇವೆ.

ಎರಡನೆಯದು ಸಿನಿಮಾದ ನಾಯಕನ ಹಾಡು. ಇದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಹಾಡಿನಲ್ಲಿ ಪದಗಳಿರುತ್ತವೆ, ಆ ಪದಗಳಲ್ಲಿ ಈಗಾಗಲೇ ಒಬ್ಬ ನಾಯಕನಿರುತ್ತಾನೆ. ಕಣದಲ್ಲಿ ಇಬ್ಬರಿರುವಾಗ ಹಾಡು ಯಾರ ಪರವಾಗಿ ಹಾಡುತ್ತಿದೆ ಎನ್ನುವುದು ಕೊನೆಯ ಪಟ್ಟಿನವರೆಗೂ ತಿಳಿಯಬಾರದು, ಆದರೆ ತಿಳಿದುಬಿಡುತ್ತದೆ. ಅಲ್ಲದೆ ಅಪ್‌ಲೋಡ್ ಮಾಡಿದ ಕೆಲವೇ ನಿಮಿಷಗಳಲ್ಲಿ ಒಂದು ಸಂಗೀತ ಕಂಪನಿಯ ಹಕ್ಕಿನ ನೋಟಿಸು ಬಂತು. ನಮ್ಮಲ್ಲಿ ಅನೇಕರು 10 ಸೆಕೆಂಡಿಗಿಂತ ಕಡಿಮೆ ಬಳಸಿದರೆ ತೊಂದರೆಯಿಲ್ಲವೆಂದೂ, ಶ್ರುತಿಯನ್ನು ಸ್ವಲ್ಪ ಏರಿಸಿದರೆ ಸಿಕ್ಕಿಬೀಳುವುದಿಲ್ಲವೆಂದೂ ನಂಬಿಕೊಂಡಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಗೆ ಸೆಕೆಂಡುಗಳ ವಿನಾಯಿತಿ ಎಲ್ಲಿಯೂ ಇಲ್ಲ. ಯೂಟ್ಯೂಬಿನಲ್ಲಿ ಬರುವ ಕ್ಲೇಮಿಗೂ ಸ್ಟ್ರೈಕಿಗೂ ವ್ಯತ್ಯಾಸವಿದೆ ಎನ್ನುವುದನ್ನಾದರೂ ತಿಳಿದುಕೊಂಡಿರಬೇಕು: ಕ್ಲೇಮ್ ಬಂದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ ಇಲ್ಲವೆ ವಿಡಿಯೊ ಕಾಣದಾಗುತ್ತದೆ, 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಆ ವಿಡಿಯೊವನ್ನು ನಾನು ಅದೇ ರಾತ್ರಿ ತೆಗೆದುಹಾಕಿದೆ.

ಮೂರನೆಯದು ಉಚಿತ ಸಂಗ್ರಹಗಳಲ್ಲಿ ಸಿಗುವ, ಟ್ರೈಲರಿನಂತೆ ಮೆಲ್ಲಗೆ ಶುರುವಾಗಿ ಏರುತ್ತ ಹೋಗುವ ವಾದ್ಯಸಂಗೀತ. ಯೂಟ್ಯೂಬಿನ ಆಡಿಯೊ ಲೈಬ್ರರಿಯಲ್ಲಿಯೇ ಸಾಕಷ್ಟು ಇವೆ. ಮಾಡಿದವರೇ ಕೆಲವು ಷರತ್ತಿನ ಮೇಲೆ ಉಚಿತವಾಗಿ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯವೂ ಸಿಗುತ್ತವೆ, ಆದರೆ ಅಲ್ಲಿ ಒಂದು ಮುಳ್ಳಿದೆ: ಮಾರ್ಪಾಡು ಕೂಡದು ಎಂಬ ಷರತ್ತಿರುವ ಸಂಗೀತವನ್ನು ಹೆಸರು ಹಾಕಿದರೂ ವಿಡಿಯೊಗೆ ಬಳಸುವಂತಿಲ್ಲ, ಏಕೆಂದರೆ ಸಂಗೀತವನ್ನು ಚಲಿಸುವ ಚಿತ್ರಕ್ಕೆ ಹೊಂದಿಸುವುದನ್ನೇ ಆ ಪರವಾನಗಿ ಮಾರ್ಪಾಡೆಂದು ಪರಿಗಣಿಸುತ್ತದೆ.

ಕತ್ತರಿಸುವವನ ಕೈಗೆ ಈ ಸಂಗೀತದಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಲಯ ಗಡಿಯಾರದಂತಿರುತ್ತದೆ. ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ, ನಿಮಿಷಕ್ಕೆ 100 ಬಡಿತದ ಸಂಗೀತವಾದರೆ ಪ್ರತಿ ಬಡಿತಕ್ಕೆ ಸರಿಯಾಗಿ 18 ಫ್ರೇಮು, 120 ಆದರೆ 15 ಫ್ರೇಮು; ಕಣ್ಣು ಮುಚ್ಚಿ ಕತ್ತರಿಸಬಹುದು. ಬಹಳ ಟ್ರ್ಯಾಕುಗಳಿರುವ 128ರ ವೇಗದಲ್ಲಿ ಬಡಿತಕ್ಕೆ 14 ಫ್ರೇಮಿನ ಮೇಲೆ ಚೂರು ಉಳಿಯುತ್ತದೆ, 16 ಬಡಿತ ಕಳೆಯುವಷ್ಟರಲ್ಲಿ ಒಂದು ಫ್ರೇಮ್ ಜಾರಿರುತ್ತದೆ. ಅಲ್ಲಲ್ಲಿ ಕೈಯಿಂದ ತಿದ್ದಬೇಕು. ಹೀಗೆ ಲೆಕ್ಕ ಹಾಕಿ ಕೂಡಿಸಿದ ವಿಡಿಯೊ ನೋಡಲು ಚೊಕ್ಕಟವಾಗಿತ್ತು. ಸ್ಟುಡಿಯೊದ ಗೆಳೆಯ ಐದರಲ್ಲಿ ಇದೇ ಚೆಂದವೆಂದ. ವಸ್ತಾದರು ಅರ್ಧಕ್ಕೇ ಫೋನು ಕೆಳಗಿಟ್ಟು, "ಕುಸ್ತಿ ನೋಡ್ಲಾಕ ಕುಂತೀನೋ, ಮದಿವಿ ವಿಡಿಯೊ ನೋಡ್ಲಾಕ ಕುಂತೀನೋ ತಿಳಿವಲ್ದು" ಎಂದರು. ಹಗಲಿನ ನನ್ನ ಕಸುಬು ರಾತ್ರಿಯ ಕೆಲಸದಲ್ಲಿ ಕಾಣಿಸಿಕೊಂಡಿತ್ತೆನ್ನುವುದು ನಿಜ.

ಏರುತ್ತ ಹೋಗುವ ಸಂಗೀತ ಮ್ಯಾಟ್ ಕುಸ್ತಿಗೆ ಒಗ್ಗುತ್ತದೆಯೇ ಎಂದು ನೋಡಲು, ನನ್ನಷ್ಟಕ್ಕೆ ನೋಡುವುದಕ್ಕಾಗಿ ಮಾತ್ರ, ಒಲಿಂಪಿಕ್ಸಿನ ಎರಡು ಪಂದ್ಯಗಳ ಮೇಲೆ ಅದನ್ನು ಹಚ್ಚಿದೆ. 2016ರ ರಿಯೊದಲ್ಲಿ ಸಾಕ್ಷಿ ಮಲಿಕ್ ಅವರು 0-5ರಿಂದ ಹಿಂದಿದ್ದು 8-5ರಿಂದ ಗೆದ್ದ ಕಂಚಿನ ಪಂದ್ಯಕ್ಕೆ ಅದು ಹೇಳಿ ಮಾಡಿಸಿದಂತಿತ್ತು, ಏಕೆಂದರೆ ಅಂಕಗಳು ಏರಿದಂತೆ ಸಂಗೀತವೂ ಏರುತ್ತದೆ. ಮೂರು ಮೂರು ನಿಮಿಷಗಳ ಎರಡು ಸುತ್ತಿನ ಆ ಆಟಕ್ಕೆ ತನ್ನದೇ ಒಂದು ಏರುಗತಿಯಿದೆ. ಟೋಕಿಯೊದ ಸೆಮಿಫೈನಲ್ಲಿನಲ್ಲಿ ರವಿ ದಹಿಯಾ 2-9ರಿಂದ ಹಿಂದಿದ್ದು ಎದುರಾಳಿಯನ್ನು ಚಿತ್ ಮಾಡಿ ಗೆದ್ದ ಪಂದ್ಯಕ್ಕೆ ಮಾತ್ರ ಅದು ಸುಳ್ಳು ಹೇಳಿತು. ಸೋಲುತ್ತಿದ್ದಾನೆಂದು ನಾವೆಲ್ಲ ಟಿವಿಯ ಮುಂದೆ ಕೈಚೆಲ್ಲಿ ಕುಳಿತಿದ್ದ ಹೊತ್ತಿನಲ್ಲಿಯೇ ಪಿಟೀಲುಗಳು ಗೆಲುವಿನ ಸುಳಿವು ಕೊಡತೊಡಗಿದವು.

ನಾಲ್ಕನೆಯ ಆಯ್ಕೆ ಸಂಗೀತವನ್ನೇ ಹಚ್ಚದೆ ಕಣದ ಸದ್ದನ್ನು ಇದ್ದಂತೆ ಬಿಡುವುದು. ಪ್ರಾಮಾಣಿಕವೆನ್ನಿಸುವ ದಾರಿ ಇದು, ಆದರೆ ಸುಲಭವಲ್ಲ. ನಾನು ಕಣದಿಂದ ಸುಮಾರು 35 ಮೀಟರ್ ದೂರದಲ್ಲಿ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಂತು ಜೂಮ್ ಮಾಡಿ ಚಿತ್ರಿಸಿದ್ದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಪೈಲ್ವಾನನ ಬೆನ್ನು ಮಣ್ಣಿಗೆ ಬಡಿದದ್ದು ಕಂಡ ಮೂರು ಫ್ರೇಮುಗಳ ನಂತರ ಅದರ ಸದ್ದು ಕೇಳುತ್ತಿತ್ತು. ಅಷ್ಟೇ ಅಂತರ ಸಾಕು, ಬೀಳುವಿಕೆ ಪೊಳ್ಳಾಗಿ ಕಾಣುತ್ತದೆ. ಧ್ವನಿಯನ್ನು ಬೇರ್ಪಡಿಸಿ ಮೂರು ಫ್ರೇಮ್ ಹಿಂದಕ್ಕೆ ಸರಿಸಿದಾಗ ಅದೇ ಬೀಳುವಿಕೆಗೆ ಒಮ್ಮೆಲೇ ಭಾರ ಬಂತು. ಇನ್ನೊಂದು ತೊಡಕು ಮೊಬೈಲಿನದು: ಕಣದಲ್ಲಿ ಕೋಲಿನಿಂದ ಬಾರಿಸುವ ಚರ್ಮವಾದ್ಯವಾದ ಹಲಗಿಯ ಜೋರು ಪೆಟ್ಟು ಕೇಳಿದ ಕೂಡಲೇ ಅದು ತಾನಾಗಿ ಧ್ವನಿಯನ್ನು ತಗ್ಗಿಸಿಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ಏರಿಸುತ್ತದೆ. ಪರಿಣಾಮವಾಗಿ ಹಲಗಿ ತಗಡು ಬಡಿದಂತೆಯೂ, ಪಕ್ಕದಲ್ಲಿ ನಿಂತು ಶೇಂಗಾ ತಿನ್ನುತ್ತಿದ್ದವನ ಮಾತು ಆಕಾಶವಾಣಿಯಷ್ಟು ಸ್ಪಷ್ಟವಾಗಿಯೂ ದಾಖಲಾಗಿದ್ದವು. (ಅವನು ಇಡೀ ಕುಸ್ತಿಯುದ್ದಕ್ಕೂ ತೊಗರಿಯ ದರದ ಬಗ್ಗೆಯೇ ಮಾತಾಡಿದ್ದಾನೆ.) ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಚಿತ್ರವನ್ನು ಕತ್ತರಿಸಿದಲ್ಲೆಲ್ಲ ಹಿನ್ನೆಲೆಯ ಹಲಗಿಯ ಲಯವೂ ಕತ್ತರಿಸಿಹೋಗುವುದು. 19 ನಿಮಿಷವನ್ನು ಮೂರು ನಿಮಿಷದೊಳಗೆ ತಂದಾಗ ಲಯ ಕುಂಟುತ್ತ, ಎಡವುತ್ತ ಸಾಗಿತು. ಕಿವಿಯಿರುವ ಯಾರಿಗೂ ಅದು ಸಹಿಸದು. ಚಿತ್ರವನ್ನು ಅರ್ಧ ವೇಗಕ್ಕೆ ಇಳಿಸಿದರಂತೂ ಧ್ವನಿ ಪೂರ್ತಿ ಕೆಟ್ಟುಹೋಗುತ್ತದೆ.

ಐದನೆಯ ದಾರಿ ಹೊಳೆದದ್ದು ಈ ಕುಂಟುವ ಹಲಗಿಯಿಂದಲೇ. ನಮ್ಮ ಕಡೆಯ ಕಣಗಳಲ್ಲಿ ಹಲಗಿ ಕುಸ್ತಿಯುದ್ದಕ್ಕೂ ಬಾರಿಸುತ್ತಿರುತ್ತದೆ. ಡಬ್ಲ್ಯೂಡಬ್ಲ್ಯೂಇಯಲ್ಲಿ ಸಂಗೀತ ನಿಂತ ಮೇಲೆ ಪಂದ್ಯ, ಇಲ್ಲಿ ಕುಸ್ತಿ ಮುಗಿಯುವವರೆಗೆ ಹಲಗಿ. ಬಾರಿಸುವವರು ಪೈಲ್ವಾನರ ಕಾಲುಗಳನ್ನೇ ನೋಡುತ್ತ ಬಾರಿಸುತ್ತಾರೆ. ಇಬ್ಬರೂ ಬಿಗಿದುಕೊಂಡು ನಿಂತಾಗ ಸಣ್ಣ ಕಡ್ಡಿಯ ಸರಸರ ಸದ್ದೊಂದೇ ಹರಿಯುತ್ತಿರುತ್ತದೆ, ದಪ್ಪ ಕೋಲು ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಯಾರಾದರೂ ಕಾಲು ಹಾಕಿದರೆ ಎರಡೂ ಕೂಡಿ ಏರುತ್ತವೆ. ಉಳಿದ ಸಂಗೀತಗಳಲ್ಲಿ ಕುಸ್ತಿಯನ್ನು ಲಯಕ್ಕೆ ತಕ್ಕಂತೆ ಕತ್ತರಿಸಬೇಕಾಗಿತ್ತು, ಇಲ್ಲಿ ಲಯವೇ ಕುಸ್ತಿಯ ಬೆನ್ನು ಹತ್ತಿ ಬರುತ್ತದೆ.

ಹಾಗಾಗಿ ಮೊದಲು ಚಿತ್ರವನ್ನು ಸದ್ದಿಲ್ಲದೆ ಕತ್ತರಿಸಿ ಮುಗಿಸಿದೆ. ಆಮೇಲೆ ಅದನ್ನು ಟ್ಯಾಬಿನಲ್ಲಿ ಹಾಕಿಕೊಂಡು ಅದೇ ಜಾತ್ರೆಯಲ್ಲಿ ಬಾರಿಸಿದ್ದ ಇಬ್ಬರು ಹಲಗಿಯವರ ಹಳ್ಳಿಗೆ ಹೋದೆ. ಅವರು ಹೊಲದ ಬದುವಿನಲ್ಲಿ ಒಂದು ಹಿಡಿ ಒಣ ಕಣಕಿಗೆ (ಜೋಳದ ದಂಟಿಗೆ) ಬೆಂಕಿ ಹಚ್ಚಿ, ಹಲಗಿಯ ಚರ್ಮವನ್ನು ಅದರ ಮುಂದೆ ತಿರುತಿರುಗಿಸಿ ಕಾಯಿಸಿದರು. ಬೆರಳಿನಿಂದ ಬಡಿದು ನೋಡುವುದು, ಮತ್ತೆ ಕಾಯಿಸುವುದು, ಮಂಕಾಗಿದ್ದ ಸದ್ದು ಬಿಗಿಯಾಗಿ ಠಣ್ ಎನ್ನುವವರೆಗೆ ಇದು ನಡೆಯಿತು. ಹತ್ತು ನಿಮಿಷ ಬಾರಿಸಿದರೆ ಚರ್ಮ ಮತ್ತೆ ಸಡಿಲಾಗುತ್ತಿದ್ದುದರಿಂದ ಕಣಕಿಯ ಉರಿಯನ್ನು ಆರಲು ಬಿಡಲಿಲ್ಲ. ಮೈಕನ್ನು ಹಲಗಿಯ ಎದುರಿಗಿಟ್ಟರೆ ಧ್ವನಿಯ ಅಲೆಗಳ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತಿತ್ತು. ಆರೇಳು ಅಡಿ ದೂರ, ಸ್ವಲ್ಪ ಓರೆಯಾಗಿ ಇಟ್ಟ ಮೇಲೆ ಸರಿಹೋಯಿತು. ಟ್ಯಾಬಿನಲ್ಲಿ ಕುಸ್ತಿಯನ್ನು ನೋಡುತ್ತ ಅವರು ಮೂರು ಸಲ ಬಾರಿಸಿದರು. ಸಾಂಪ್ರದಾಯಿಕ ಲಯಕ್ಕೆ ಮಾಲೀಕರಿಲ್ಲವಾದರೂ ಬಾರಿಸಿದವರಿಗೆ ಕಾಯ್ದೆಯಲ್ಲಿ ಹಕ್ಕಿದೆ. ಆದ್ದರಿಂದ ಮೊದಲೇ ಮಾತಾಡಿಕೊಂಡ ಹಣ ಕೊಟ್ಟು, ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು, ವಿಡಿಯೊದಲ್ಲಿ ಅವರಿಬ್ಬರ ಹೆಸರನ್ನೂ ಹಾಕಿದೆ. ಗೆದ್ದವನ ಹೆಸರು, ಕಡಗ ಕೊಟ್ಟವನ ಹೆಸರು ಮೈಕಿನಲ್ಲಿ ಹತ್ತು ಸಲ ಕೇಳಿರುತ್ತೇವೆ, ಬಾರಿಸಿದವರ ಹೆಸರನ್ನು ನಾನು ಯಾವ ಜಾತ್ರೆಯಲ್ಲಿಯೂ ಕೇಳಿಲ್ಲ.

ಈ ಹಲಗಿಯ ಅಡಿಯಲ್ಲಿ ಕಣದ ಮೂಲ ಸದ್ದನ್ನು ತೆಳ್ಳಗೆ ಹಾಸಿ, ಬೀಳುವ ಸದ್ದು ಮತ್ತು ಜನರ ಕೂಗು ಬರುವಲ್ಲಿ ಮಾತ್ರ ಅದನ್ನು ಏರಿಸಿದೆ. ನನ್ನ ಮಟ್ಟಿಗೆ ಐದರಲ್ಲಿ ಇದೇ ಗೆದ್ದಿತು, ಅದೂ ಅಂಕದ ಮೇಲಲ್ಲ, ಚಿತ್ ಮಾಡಿಯೇ. ಆದರೆ ಅದರ ಬೆಲೆಯನ್ನೂ ಹೇಳಬೇಕು: ಉಳಿದ ನಾಲ್ಕಕ್ಕೆ ತಲಾ ಒಂದು ಅಥವಾ ಎರಡು ರಾತ್ರಿ ಹಿಡಿದಿದ್ದರೆ ಇದಕ್ಕೆ ಎರಡು ಭಾನುವಾರ, ಬಸ್ಸಿನ ಖರ್ಚು ಮತ್ತು ಕೈಯಿಂದ ಕೊಟ್ಟ ಹಣ ಹೋಯಿತು. ಎಲ್ಲದಕ್ಕೂ ಇದು ಒಗ್ಗುತ್ತದೆಂದೂ ಅಲ್ಲ. ತಮ್ಮನ ಒತ್ತಾಯಕ್ಕೆ ಇದೇ ಹಲಗಿಯನ್ನು ಡಬ್ಲ್ಯೂಡಬ್ಲ್ಯೂಇಯ ಒಂದು ತುಣುಕಿನ ಮೇಲೆ ಹಚ್ಚಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಲ್ಲಿನ ಪ್ರತಿ ಎತ್ತುವಿಕೆಯೂ ಎಷ್ಟು ಬಿಡಿಸಿ, ಎಷ್ಟು ತೋರಿಸಿ ಮಾಡಿದ್ದೆನ್ನುವುದನ್ನು ಹಲಗಿ ಬಯಲಿಗೆಳೆಯಿತು. ಅವನ ವಿಡಿಯೊಗಳಿಗೆ ಗಿಟಾರೇ ಸರಿ. 30 ಸೆಕೆಂಡಿನ ತುಣುಕು ಮಾಡುವವರಿಗೆ ಮೂರನೆಯ ಬಗೆಯೇ ಸಾಕು. ಅಷ್ಟರಲ್ಲಿ ನಿಶ್ಚಲತೆಗೆ ಹೇಗೂ ಜಾಗವಿರುವುದಿಲ್ಲ.

ಮುಗಿದ ವಿಡಿಯೊವನ್ನು ಹಲಗಿಯವರಿಬ್ಬರಿಗೂ ತೋರಿಸಿದೆ. ಮೂರು ಸಲದ ಬಾರಿಸುವಿಕೆಯಲ್ಲಿ ಎರಡನೆಯದನ್ನು ಆರಿಸಿಕೊಂಡು, ಕೊನೆಯ ಏರಿಕೆಯನ್ನು ಮಾತ್ರ ನನ್ನ ಲೆಕ್ಕದಂತೆ ಸ್ವಲ್ಪ ಮುಂದಕ್ಕೆ ಸರಿಸಿ, ಬೆನ್ನು ಮಣ್ಣಿಗೆ ತಾಗುವ ಫ್ರೇಮಿಗೆ ಸರಿಯಾಗಿ ಜೋಡಿಸಿದ್ದೆ. ಹಿರಿಯವರು ಅಲ್ಲಿ ಬೆರಳಿಟ್ಟು ನಿಲ್ಲಿಸಿದರು. "ಇಲ್ಲಿ ತಡಾ ಆಗ್ಯಾದ. ಬಿದ್ದ ಮ್ಯಾಲ ಬಡದ್ರ ಏನ್ ಬಂತು? ಅವನ ಮೊಳಕಾಲ ನೋಡ್ರಿ, ನೆಲಾ ಬಿಟ್ಟದ. ನಾ ಅಲ್ಲೇ ಕೈ ಬದ್ಲಿ ಮಾಡಿನಿ." ಹಿಂದಕ್ಕೆ ಎಳೆದು ನೋಡಿದೆ. ಕೆಳಗಿನವನ ಎಡ ಮೊಣಕಾಲು ನೆಲ ಬಿಟ್ಟದ್ದು ಬೀಳುವುದಕ್ಕಿಂತ 41 ಫ್ರೇಮ್ ಮೊದಲು. ಅವರ ಮೂಲ ಧ್ವನಿಯಲ್ಲಿ ಏರಿಕೆ ಇದ್ದದ್ದೂ ಅಲ್ಲಿಯೇ. ಅದನ್ನು ಇದ್ದಲ್ಲಿಗೇ ಮರಳಿಸಿ ಆ ರಾತ್ರಿ ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿದೆ.