ಸತ್ತು ಐದು ವರ್ಷವಾದವರಿಂದ ಭಾಷಣ ಮಾಡಿಸಿದೆ!

ನಾನು ಸದಸ್ಯನಾಗಿರುವ ಸಂಘವೊಂದರಲ್ಲಿ ಕಳೆದ ವರ್ಷ ಒಂದು ಗಲಾಟೆ ಆಯಿತು. ಸಮಿತಿಯವರ ಅವಧಿ ಮುಗಿದಿತ್ತು. ಚುನಾವಣೆ ಮಾಡಬೇಕಿತ್ತು. ಅದರ ಬದಲು, 'ಈಗ ಅನಿವಾರ್ಯ' ಅಂತ ನೋಟಿಸ್ ಹಾಕಿ, ಇನ್ನೊಂದು ವರ್ಷ ತಾವೇ ಮುಂದುವರಿಯುವುದಾಗಿ ಹೇಳಿಬಿಟ್ಟರು. ನನಗೆ ಮೈ ಉರಿಯಿತು. ಒಂದು ಖಡಕ್ ಪತ್ರ ಬರೆಯಲು ಕೂತೆ.

ಪತ್ರಕ್ಕೆ ತೂಕ ಬರಲಿ ಅಂತ ಇಂಟರ್ನೆಟ್‌ನಲ್ಲಿ ಹುಡುಕಿದಾಗ ಸರಿಯಾದ ಮಾತೇ ಸಿಕ್ಕಿತು. ಮನುಷ್ಯನ ಸ್ವಾತಂತ್ರ್ಯಕ್ಕೆ ಕೈ ಹಾಕುವಾಗೆಲ್ಲ ಕೊಡುವ ನೆಪ 'ಅನಿವಾರ್ಯ' ಎನ್ನುವುದೇ. ಅದು ದಬ್ಬಾಳಿಕೆ ಮಾಡುವವರ ವಾದ, ಗುಲಾಮರ ನಂಬಿಕೆ. ಹೇಳಿದ್ದು ವಿಲಿಯಂ ಪಿಟ್, ಬ್ರಿಟನ್ನಿನ ಸಂಸತ್ತಿನಲ್ಲಿ, 1783ರಲ್ಲಿ. ನಮ್ಮ ಸಮಿತಿಗೆಂದೇ ಹೇಳಿದ ಹಾಗಿತ್ತು! ಪಿಟ್ ಅವರ ಚಿತ್ರ ಹುಡುಕಿದೆ. ಮೊದಲು ಸಿಕ್ಕಿದ್ದನ್ನೇ ಹಾಕಿ, ಕೆಳಗೆ ಹುಟ್ಟು ಸಾವಿನ ವರ್ಷ ಬರೆದು, ಚೆಂದದ ಕಾರ್ಡ್ ಮಾಡಿ, ಪತ್ರದ ಜೊತೆ ಎಲ್ಲ ಸದಸ್ಯರಿಗೂ ಕಳಿಸಿದೆ.

ಸಭೆಯ ದಿನ ಕಾರ್ಯದರ್ಶಿ ಕಾರ್ಡನ್ನು ಕೈಯಲ್ಲಿ ಹಿಡಿದೇ ಬಂದಿದ್ದರು. ತುಂಬ ನಯವಾಗಿ ಕೇಳಿದರು: "ಸಾರ್, ನೀವೇ ಬರೆದಿದ್ದೀರಿ, ಇವರು 1778ರಲ್ಲಿ ತೀರಿಕೊಂಡರು ಅಂತ. 1783ರಲ್ಲಿ ಎದ್ದು ಬಂದು ಭಾಷಣ ಮಾಡಿದರಾ?"

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಸುಮ್ನಿರಬೇಕಿತ್ತು. ಇರಲಿಲ್ಲ. "ಹತ್ತು ಕಡೆ ಹಾಗೇ ಇದೆ" ಅಂತ ವಾದಕ್ಕೆ ನಿಂತೆ. ಹತ್ತು ಕಡೆ ಇತ್ತು ನಿಜ, ಆದರೆ ಹತ್ತರಲ್ಲೂ ಅದೇ ನಾಲ್ಕು ಸಾಲು, ಅದೇ ಅಲ್ಪವಿರಾಮ. ಒಬ್ಬರದನ್ನು ಒಬ್ಬರು ನಕಲು ಮಾಡಿದ್ದು. ಒಬ್ಬರೂ ಎಲ್ಲಿಂದ ತಂದರು ಅಂತ ಬರೆದಿರಲಿಲ್ಲ. ಆಮೇಲೆ ಚುನಾವಣೆಯ ಮಾತೇ ಬರಲಿಲ್ಲ. ಸಮಿತಿ ಆರಾಮಾಗಿ ಮುಂದುವರಿಯಿತು. ನನ್ನ ವಾದದಲ್ಲಿ ತಪ್ಪಿರಲಿಲ್ಲ ಅಂತ ಈಗಲೂ ನಂಬಿದ್ದೇನೆ. ಏನು ಪ್ರಯೋಜನ?

ಮನೆಗೆ ಬಂದು ಸರಿಯಾಗಿ ಓದಿದೆ. ವಿಲಿಯಂ ಪಿಟ್ ಇಬ್ಬರು, ಅಪ್ಪ ಮತ್ತು ಮಗ. ಇಬ್ಬರೂ ಪ್ರಧಾನಿಗಳೇ. ಅಪ್ಪ 1766ರಲ್ಲೇ 'ಚಾಟಮ್‌ನ ಅರ್ಲ್' ಎಂಬ ಬಿರುದು ಪಡೆದು ಮೇಲ್ಮನೆಗೆ ಹೋಗಿದ್ದರು. ನಾನು ಹಾಕಿದ ಚಿತ್ರ ಅಪ್ಪನದು, ಬಳಸಿದ ಮಾತು ಮಗನದು, ಕೆಳಮನೆಯಲ್ಲಿ ಆಡಿದ್ದು. ಅದೂ ಯಾವ ಸಂದರ್ಭದಲ್ಲಿ ಅಂತೀರಿ? ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಬದಲಿಸುವ ಮಸೂದೆಯ ಚರ್ಚೆಯಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ, 24ರ ವಯಸ್ಸಿಗೆ ಅವರು ಪ್ರಧಾನಿಯಾದರು. ಇಷ್ಟು ಗೊತ್ತಿದ್ದಿದ್ದರೆ ಸಭೆಯಲ್ಲಿ ಎಷ್ಟು ಚೆನ್ನಾಗಿ ಹೇಳಬಹುದಿತ್ತು!

ಈ ಗೊಂದಲ ಪಿಟ್ ಮನೆಯವರದೊಂದೇ ಅಲ್ಲ. ಚರ್ಚಿಲ್ ಹೆಸರಿನ ಮಾತು ಕಂಡರೆ ಜಾಸ್ತಿ ಹುಷಾರಾಗಿರಿ. ಬ್ರಿಟಿಷ್ ಪ್ರಧಾನಿಗಿಂತ ಮೂರು ವರ್ಷ ಮೊದಲು ಹುಟ್ಟಿದ ವಿನ್‌ಸ್ಟನ್ ಚರ್ಚಿಲ್ ಎಂಬ ಅಮೆರಿಕನ್ ಕಾದಂಬರಿಕಾರ ಇದ್ದರು. ಅವರೂ ರಾಜಕೀಯಕ್ಕೆ ಇಳಿದವರೇ. 1899ರಲ್ಲಿ ಬ್ರಿಟಿಷ್ ಚರ್ಚಿಲ್ ಅವರೇ ಅಮೆರಿಕದ ಚರ್ಚಿಲ್‌ಗೆ ಪತ್ರ ಬರೆದು, ಇನ್ನು ಮುಂದೆ ನನ್ನ ಪುಸ್ತಕಗಳಲ್ಲಿ ಹೆಸರಿಗೆ 'ಸ್ಪೆನ್ಸರ್' ಸೇರಿಸಿಕೊಳ್ಳುತ್ತೇನೆ ಅಂದರು. ಆಗ ಇಬ್ಬರೂ ಬದುಕಿದ್ದರು, ಮಾತಾಡಿ ಬಗೆಹರಿಸಿಕೊಂಡರು. ಈಗ ಬಗೆಹರಿಸುವವರು ಯಾರು? ಇನ್ನು ಅಮೆರಿಕದ ಆಲಿವರ್ ವೆಂಡೆಲ್ ಹೋಮ್ಸ್. ತೆರಿಗೆ ಎಂದರೆ ನಾಗರಿಕ ಸಮಾಜಕ್ಕೆ ನಾವು ಕೊಡುವ ಬೆಲೆ ಎಂಬ ಮಾತು 1927ರ ಮೊಕದ್ದಮೆಯೊಂದರ ಭಿನ್ನ ತೀರ್ಪಿನಲ್ಲಿ ನ್ಯಾಯಾಧೀಶರಾಗಿದ್ದ ಮಗ ಬರೆದದ್ದು. ಅದೇ ಹೆಸರಿನ ಅಪ್ಪ ವೈದ್ಯ, ಕವಿ. ಅವರು ತೀರಿಕೊಂಡದ್ದು 1894ರಲ್ಲಿ. ಬರೀ 'ಗಾಂಧಿ' ಅಂತ ಇದ್ದರಂತೂ ಮುಗಿದೇಹೋಯಿತು. ಮುಷ್ಟಿ ಬಿಗಿದುಕೊಂಡು ಕೈಕುಲುಕಲು ಆಗದು ಎಂಬುದು ಇಂದಿರಾ ಗಾಂಧಿಯವರ ಮಾತು. ಮಹಾತ್ಮರ ಚಿತ್ರ ಹಾಕಿದರೆ ಯಾರಿಗೂ ಅನುಮಾನವೇ ಬರುವುದಿಲ್ಲ, ಅಲ್ವಾ?

ಹಾಗಾಗಿ ಹಂಚುವ ಮೊದಲು ಎರಡು ನಿಮಿಷ ತಡೆಯಿರಿ. ಮಾತಾಡಿದ ವರ್ಷ ಹುಡುಕಿ, ಆ ವ್ಯಕ್ತಿ ಆಗ ಬದುಕಿದ್ದರಾ ನೋಡಿ. ವರ್ಷವೇ ಸಿಗದಿದ್ದರೆ, ಯಾವ ಭಾಷಣ, ಯಾವ ಪುಸ್ತಕ ಅಂತ ಎಲ್ಲೂ ಇಲ್ಲದಿದ್ದರೆ, ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಚಿತ್ರವನ್ನಂತೂ ಬೇರೆಯಾಗಿಯೇ ಪರೀಕ್ಷಿಸಿ. ನಾನು ಜಾರಿ ಬಿದ್ದದ್ದೇ ಅಲ್ಲಿ.

ನನ್ನ ಕಾರ್ಡನ್ನು ಅಳಿಸಿ, ತಿದ್ದಿದ್ದನ್ನು ಮತ್ತೆ ಕಳಿಸಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಹಳೆಯದು ಮಾತ್ರ ಊರೂರು ಸುತ್ತಿ ಹೋದ ವಾರ ನಮ್ಮ ಚಿಕ್ಕಪ್ಪನಿಂದ ನನಗೇ ವಾಪಸ್ ಬಂತು. ಕೆಳಗೆ ಬರೆದಿದ್ದರು: "ಓದು ಮಗಾ, ಎಂಥ ಮಾತು ನೋಡು."