ಕರೆಂಟ್ ಬಿಲ್ ತಕರಾರಿಗೆ ಯಾವ ಬಾಗಿಲು? ಕರ್ನಾಟಕದ ದೂರು ವ್ಯವಸ್ಥೆಯ ವಿಮರ್ಶೆ

ಬಿಲ್ ಜಾಸ್ತಿ ಬಂತೆಂದು ನೇರವಾಗಿ ಕೆಇಆರ್‌ಸಿಗೆ ಅರ್ಜಿ ಬರೆಯುವುದು ವ್ಯರ್ಥ. 1999ರಲ್ಲಿ ಹುಟ್ಟಿದ ಈ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಗೊತ್ತುಮಾಡುತ್ತದೆ, ಎಸ್ಕಾಂಗಳ (ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗಳ) ಸೇವೆಗೆ ಮಾನದಂಡ ಹಾಕುತ್ತದೆ. ಒಂದು ಮನೆಯ ಬಿಲ್ಲಿನ ಜಗಳಕ್ಕೆ 2003ರ ವಿದ್ಯುತ್ ಕಾಯ್ದೆಯ 42ನೇ ಕಲಂ ಬೇರೆ ಎರಡು ಮೆಟ್ಟಿಲು ಕೊಟ್ಟಿದೆ: ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲಿ ಆಗದಿದ್ದರೆ ಒಂಬುಡ್ಸ್‌ಮನ್, ಅಂದರೆ ಮೇಲಿನ ಹಂತದಲ್ಲಿ ದೂರು ಕೇಳುವ ಅಧಿಕಾರಿ.

ಮೊದಲು ವಿದ್ಯುತ್ ಸಹಾಯವಾಣಿ 1912ಕ್ಕೆ ಅಥವಾ ಉಪವಿಭಾಗ ಕಚೇರಿಗೆ ದೂರು ಕೊಟ್ಟು ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ವೇದಿಕೆಗೆ ನಮೂನೆ 'ಎ'ಯಲ್ಲಿ ಅರ್ಜಿ ಕೊಡಿ. ವಕೀಲರು ಬೇಕಿಲ್ಲ. ಆರ್‌ಆರ್ ನಂಬರ್ (ಬಿಲ್ ಮೇಲಿರುವ ಸಂಪರ್ಕ ಸಂಖ್ಯೆ), ಹಳೆಯ 12 ತಿಂಗಳ ಬಿಲ್, ದಿನಾಂಕ ಕಾಣುವ ಮೀಟರ್ ಫೋಟೊ ಇರಲಿ. 'ಮೀಟರ್ ಜೋರಾಗಿ ಓಡುತ್ತಿದೆ' ಎಂದಷ್ಟೇ ಬರೆದ ಅರ್ಜಿ ನಿಲ್ಲುವುದಿಲ್ಲ, ಅಂಕಿ ಬೇಕು.

ಅಂಕಿ ತೆಗೆಯುವುದು ಸುಲಭ. ಮೀಟರ್ ಮುಖದಲ್ಲಿ 3200 ಇಂಪಲ್ಸ್ ಎಂದಿದ್ದರೆ, ಕೆಂಪು ದೀಪ 3200 ಸಲ ಮಿನುಗಿದಾಗ ಒಂದು ಯೂನಿಟ್. ಉಳಿದೆಲ್ಲ ಆರಿಸಿ 1000 ವಾಟ್ ಇಸ್ತ್ರಿಪೆಟ್ಟಿಗೆ ಒಂದನ್ನೇ ಹಾಕಿ. ಅದು ಬಿಸಿಯಾಗುತ್ತಿರುವಾಗ ನಿಮಿಷಕ್ಕೆ ಸುಮಾರು 53 ಮಿನುಗು ಬರಬೇಕು. ವೋಲ್ಟೇಜ್ ಏರಿಳಿತಕ್ಕೆ ನಾಲ್ಕೈದು ಆಚೀಚೆ ಆಗುತ್ತದೆ. ಎಪ್ಪತ್ತು ದಾಟಿದರೆ ಅನುಮಾನ ಪಡಿ. ಮೇನ್ ಸ್ವಿಚ್ ಆರಿಸಿದ ಮೇಲೂ ಮಿನುಗು ನಿಲ್ಲದಿದ್ದರೆ ಮೀಟರ್ ಕೆಟ್ಟಿದೆ, ಇಲ್ಲವೇ ಮೀಟರ್‌ಗೂ ಸ್ವಿಚ್‌ಗೂ ನಡುವೆ ಯಾರೋ ತಂತಿ ಎಳೆದುಕೊಂಡಿದ್ದಾರೆ. ಇಂಥ ದೂರು ಕೊಟ್ಟ ಐದು ದಿನದೊಳಗೆ ಚೆಕ್ ಮೀಟರ್ (ನಿಮ್ಮ ಮೀಟರ್ ಪರೀಕ್ಷಿಸಲು ಜೊತೆಗೆ ಕೂರಿಸುವ ಇನ್ನೊಂದು ಮೀಟರ್) ಹಾಕಿ, ಕನಿಷ್ಠ ಮೂರು ತಿಂಗಳು ಎರಡನ್ನೂ ತಾಳೆ ನೋಡಬೇಕೆಂದು ಕೇಂದ್ರದ 2024ರ ತಿದ್ದುಪಡಿ ನಿಯಮ ಹೇಳುತ್ತದೆ. ಅರ್ಜಿಯಲ್ಲಿ ಚೆಕ್ ಮೀಟರ್ ಎಂಬ ಪದವನ್ನೇ ಬಳಸಿ ಕೇಳಿ.

'ಡೋರ್ ಲಾಕ್', ಅಂದರೆ ಮನೆಗೆ ಬೀಗ ಇತ್ತು, ಎಂದು ಸರಾಸರಿ ಬಿಲ್ ಹಾಕುವ ಕಾಟಕ್ಕೂ ಮದ್ದಿದೆ. ಸತತ ಎರಡು ಸಲ ಮೀಟರ್ ಕೈಗೆಟುಕದಿದ್ದರೆ ನೀವೇ ರೀಡಿಂಗ್ ಫೋಟೊ ಕಳಿಸಬಹುದು.

ಈ ವ್ಯವಸ್ಥೆಯ ದೊಡ್ಡ ಗುಂಡಿ ಅದೇ ಕಾಯ್ದೆಯ 126ನೇ ಕಲಂ. ಮನೆ ಸಂಪರ್ಕದಲ್ಲಿ ಅಂಗಡಿ ನಡೆಸಿದಿರಿ ಎಂಬಂಥ ಅನಧಿಕೃತ ಬಳಕೆಯ ಆದೇಶವನ್ನು ವೇದಿಕೆ ಮುಟ್ಟುವಂತಿಲ್ಲ. ಅದಕ್ಕೆ 127ನೇ ಕಲಂನ ಮೇಲ್ಮನವಿಯೇ ಗತಿ: ಅಂತಿಮ ಆದೇಶವಾಗಿ 30 ದಿನದೊಳಗೆ, ಆದೇಶದಲ್ಲಿ ಹೇಳಿದ ಹಣದ ಅರ್ಧ ಕಟ್ಟಿ. ವೇದಿಕೆಗೆ ಅಲೆದು ಆ 30 ದಿನ ಕಳೆದುಕೊಂಡರೆ ವಾಪಸ್ ಬರುವುದಿಲ್ಲ.

ವೇದಿಕೆಯ ಅಧ್ಯಕ್ಷರು ಅದೇ ಎಸ್ಕಾಂನ ಅಧಿಕಾರಿ ಎಂಬುದು ನನ್ನ ದೊಡ್ಡ ತಕರಾರು. ತೀರ್ಪಿಗೆ 45 ದಿನದ ಮಿತಿ ಇರುವುದು, ಮೇಲೆ ಒಂಬುಡ್ಸ್‌ಮನ್ ಇರುವುದು ಸ್ವಲ್ಪ ಸಮಾಧಾನ.

ದರದ ಮೇಲೆಯೇ ಸಿಟ್ಟಿದ್ದರೆ, ಉದಾಹರಣೆಗೆ 2025ರ ಏಪ್ರಿಲ್‌ನಿಂದ ಸೇರಿದ ಯೂನಿಟ್‌ಗೆ 36 ಪೈಸೆಯ ಪಿಂಚಣಿ ಸರ್ಚಾರ್ಜ್ (ವಿದ್ಯುತ್ ನೌಕರರ ಪಿಂಚಣಿಗೆಂದು ಹಾಕಿದ ಹೆಚ್ಚುವರಿ ಶುಲ್ಕ), ಆಗ ಆಯೋಗವೇ ಸರಿಯಾದ ಜಾಗ. ಎಸ್ಕಾಂಗಳ ದರ ಅರ್ಜಿ ಪ್ರಕಟವಾದಾಗ ಲಿಖಿತ ಆಕ್ಷೇಪಣೆ ಹಾಕಿ ವಿಚಾರಣೆಯಲ್ಲಿ ಮಾತಾಡಬಹುದು. ಬಸ್ ದರಕ್ಕೆ ಅಷ್ಟೂ ಇರಲಿಲ್ಲ. 2025ರ ಜನವರಿ 5ರಿಂದ ಸಾರಿಗೆ ನಿಗಮಗಳ ಟಿಕೆಟ್ ಶೇ 15 ಏರಿದ್ದು ಸಚಿವ ಸಂಪುಟದ ತೀರ್ಮಾನದಿಂದ. ಪ್ರಯಾಣಿಕರು ಆಕ್ಷೇಪಣೆ ಸಲ್ಲಿಸುವ ಹಂತವೇ ಅಲ್ಲಿರಲಿಲ್ಲ.