ರೆಡಿಂಗ್ ಫುಟ್‌ಬಾಲ್ ಕ್ಲಬ್, 2017ರಿಂದ 2025: ತಂಡಕ್ಕೆ ನಾಲ್ಕು ಸ್ಟಾರ್, ಆಡಳಿತಕ್ಕೆ ಅರ್ಧ

ಸೀಸನ್ ಟಿಕೆಟ್ ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸೋದು ಸೀಟು ಯಾವ ಕಡೆ, ಮಳೆ ಬಂದರೆ ನೆನೆಯುತ್ತೇವಾ, ಈ ಸಲ ಹೊಸ ಸ್ಟ್ರೈಕರ್ ಯಾರು ಅಂತ. ಇಂಗ್ಲೆಂಡಿನ ರೆಡಿಂಗ್ ಊರಿನ ಕ್ಲಬ್ಬಿನ ವಿಷಯದಲ್ಲಿ ಮೊದಲು ಕೇಳಬೇಕಿದ್ದ ಪ್ರಶ್ನೆ ಬೇರೆ: ಈ ತಿಂಗಳ ಸಂಬಳ ಸರಿಯಾದ ದಿನಕ್ಕೆ ಆಯಿತಾ? ರೆಡಿಂಗ್ ಸುತ್ತಮುತ್ತ ಐಟಿ ಕೆಲಸಕ್ಕೆ ಬಂದು ನೆಲೆ ನಿಂತ ಕನ್ನಡದವರು ಕಡಿಮೆಯೇನಿಲ್ಲ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳನ್ನು ಕರೆದುಕೊಂಡು ಹೋಗೋಕೆ ಅವರಿಗೆ ಹತ್ತಿರದ ದೊಡ್ಡ ಕ್ಲಬ್ ಇದೇ. ಇಲ್ಲಿ ತೂಗಿ ನೋಡುತ್ತಿರುವುದು ಆಟವನ್ನಲ್ಲ, 2017ರ ಮೇ ತಿಂಗಳಿಂದ 2025ರ ಮೇ ತನಕ ನಡೆದ, ಚೀನಾದ ಉದ್ಯಮಿ ಡೈ ಯೋಂಗೆ ಅವರ ಮಾಲೀಕತ್ವವನ್ನು.

ಸರಕು ಕೆಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕ್ಲಬ್ ಹುಟ್ಟಿದ್ದು 1871ರಲ್ಲಿ. ಊರಿನ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತು ಕಾರ್ಖಾನೆಯ ದೆಸೆಯಿಂದ ಇವರಿಗೆ ಬಹುಕಾಲ ‘ಬಿಸ್ಕತ್ತಿನವರು’ ಅಂತಲೇ ಹೆಸರು. 1998ರಲ್ಲಿ ಎಲ್ಮ್ ಪಾರ್ಕ್ ಬಿಟ್ಟು ಬಂದ ಈಗಿನ ಕ್ರೀಡಾಂಗಣ ಎದ್ದಿರೋದು ಹಳೆಯ ಕಸದ ಗುಂಡಿಯ ಮೇಲೆ. 24,161 ಸೀಟು, ಎಂ4 ಹೆದ್ದಾರಿಯ 11ನೇ ಜಂಕ್ಷನ್ ಪಕ್ಕ. 2005–06ರಲ್ಲಿ ಸ್ಟೀವ್ ಕಾಪೆಲ್ ಗರಡಿಯಲ್ಲಿ ತಂಡ ಗಳಿಸಿದ 106 ಅಂಕ ಎರಡನೇ ದರ್ಜೆಯ ದಾಖಲೆ. ನಡೆದೇ ಹೋಗಬಹುದಾದ ದೂರದಲ್ಲಿ ಗ್ರೀನ್ ಪಾರ್ಕ್ ರೈಲು ನಿಲ್ದಾಣ ತೆರೆದದ್ದು 2023ರ ಮೇ ತಿಂಗಳಲ್ಲಿ. ತಂಡ ಮೂರನೇ ದರ್ಜೆಗೆ ಜಾರಿದ್ದೂ ಅದೇ ತಿಂಗಳು. ಬರೋಕೆ ದಾರಿಯಾಯಿತು, ಬಂದು ನೋಡೋಕೆ ಏನು ಉಳಿಯಿತು ಅನ್ನುವ ಹಾಗೆ.

ಡೈ ಕ್ಲಬ್ ಕೈಗೆ ತೆಗೆದುಕೊಂಡ ತಿಂಗಳೇ ರೆಡಿಂಗ್ ವೆಂಬ್ಲಿಯಲ್ಲಿ ಪ್ರೀಮಿಯರ್ ಲೀಗ್ ಬಾಗಿಲು ತಟ್ಟಿತ್ತು. ಹಡರ್ಸ್‌ಫೀಲ್ಡ್ ಎದುರಿನ ಪ್ಲೇಆಫ್ (ಮೇಲಿನ ದರ್ಜೆಗೇರಲು ಆಡುವ ನಿರ್ಣಾಯಕ ಸುತ್ತು) ಫೈನಲ್ ಗೋಲಿಲ್ಲದೆ ಮುಗಿದು ಪೆನಾಲ್ಟಿಯಲ್ಲಿ ಕೈತಪ್ಪಿತು. ಮುಂದಿನ ವರ್ಷಗಳ ಲೆಕ್ಕವೆಲ್ಲ ಆ ಬಾಗಿಲು ಇವತ್ತಲ್ಲ ನಾಳೆ ತೆರೆದೇ ತೆರೆಯುತ್ತದೆ ಅನ್ನುವ ನಂಬಿಕೆಯ ಮೇಲೆ ನಿಂತಿತು. ಕೆಲವು ಸೀಸನ್‌ಗಳಲ್ಲಂತೂ ಸಂಬಳದ ಮೊತ್ತ ಒಟ್ಟು ವರಮಾನದ ಎರಡು ಪಟ್ಟು ಮೀರಿತ್ತು. ಅಂದರೆ ಗಲ್ಲಾಪೆಟ್ಟಿಗೆಗೆ ನೂರು ಪೌಂಡ್ ಬಿದ್ದರೆ ಸಂಬಳಕ್ಕೇ ಇನ್ನೂರಕ್ಕೂ ಹೆಚ್ಚು. ಉಳಿದ ಅಂತರ ಮಾಲೀಕನ ಜೇಬಿನಿಂದ ತುಂಬಬೇಕು. ಜೇಬು ತೆರೆದಿರುವವರೆಗೆ ಇದನ್ನು ‘ಮಹತ್ವಾಕಾಂಕ್ಷೆ’ ಅಂತಾರೆ, ಮುಚ್ಚಿದ ದಿನ ‘ಬಿಕ್ಕಟ್ಟು’ ಅಂತಾರೆ. ಲೆಕ್ಕಪುಸ್ತಕದಲ್ಲಿ ಎರಡೂ ಒಂದೇ ಸಾಲು. ಇದರ ನಡುವೆಯೇ ಬೇರ್‌ವುಡ್ ಪಾರ್ಕಿನಲ್ಲಿ ಭರ್ಜರಿ ತರಬೇತಿ ಕೇಂದ್ರವೂ ಎದ್ದಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇಂಗ್ಲಿಷ್ ಫುಟ್‌ಬಾಲ್ ಲೀಗ್, ಅಂದರೆ ಇಎಫ್‌ಎಲ್, ನಷ್ಟಕ್ಕೆ ಒಂದು ಮಿತಿ ಹಾಕಿದೆ. ರೆಡಿಂಗಿಗೆ ಅನ್ವಯಿಸಿದ ಮಿತಿ 3.9 ಕೋಟಿ ಪೌಂಡ್. ಆದ ನಷ್ಟ 5.78 ಕೋಟಿ. 2021ರ ನವೆಂಬರಿನಲ್ಲಿ ಆರು ಅಂಕ ಕಡಿತವಾಯಿತು, ಇನ್ನಾರನ್ನು ತೂಗುಗತ್ತಿಯ ಹಾಗೆ ಇಟ್ಟುಕೊಂಡರು. ಒಪ್ಪಿಕೊಂಡ ಖರ್ಚಿನ ಯೋಜನೆಯನ್ನೂ ಕ್ಲಬ್ ಪಾಲಿಸಲಿಲ್ಲ, 2023ರ ಏಪ್ರಿಲ್‌ನಲ್ಲಿ ಆ ಕತ್ತಿಯೂ ಬಿತ್ತು. ಸೀಸನ್ ಮುಗಿದಾಗ ರೆಡಿಂಗ್ ಹತ್ತಿರ 44 ಅಂಕ. ಒಂದು ಸ್ಥಾನ ಮೇಲೆ ಉಳಿದುಕೊಂಡ ಕಾರ್ಡಿಫ್ ಹತ್ತಿರ 49. ಆರನ್ನು ವಾಪಸ್ ಸೇರಿಸಿ ನೋಡಿ: 50. ಆಟಗಾರರು ಮೈದಾನದಲ್ಲಿ ಉಳಿಸಿಕೊಂಡಿದ್ದ ದರ್ಜೆಯನ್ನು ಆಫೀಸು ಕಳೆಯಿತು ಅನ್ನೋದಕ್ಕೆ ಇದಕ್ಕಿಂತ ಸರಳ ಲೆಕ್ಕ ಬೇಕಿಲ್ಲ.

ಮೂರನೇ ದರ್ಜೆಗೆ ಇಳಿದ ಮೇಲಾದರೂ ಬುದ್ಧಿ ಬರಬೇಕಿತ್ತು. 2023ರ ಆಗಸ್ಟಿನಲ್ಲಿ, ಹಿಂದಿನ ಸೀಸನ್ನಿನಲ್ಲಿ ಸಂಬಳ ಪದೇಪದೇ ತಡ ಮಾಡಿದ್ದಕ್ಕೆ ಒಂದು ಅಂಕ ಹೋಯಿತು. ಮತ್ತೆ ಹಾಗಾಗದಿರಲಿ ಅಂತ ಇಎಫ್‌ಎಲ್ ಒಂದು ಷರತ್ತು ಹಾಕಿತು: ಒಂದು ತಿಂಗಳ ಸಂಬಳದ 125 ಶೇಕಡಾ ಮೊತ್ತವನ್ನು ಪ್ರತ್ಯೇಕ ಖಾತೆಯಲ್ಲಿ ಠೇವಣಿ ಇಡಬೇಕು. ತಿಂಗಳಿಗೆ 8 ಲಕ್ಷ ಪೌಂಡ್ ಸಂಬಳ ಅಂದುಕೊಳ್ಳಿ. ಹಾಗಾದರೆ ಖಾತೆಯಲ್ಲಿ ಮುಟ್ಟದ 10 ಲಕ್ಷ ಕೂತಿರಬೇಕು. ಮಾಲೀಕನ ಹಣ ಬರೋದು ನಾಲ್ಕು ದಿನ ತಡವಾದರೂ ಸಂಬಳದ ದಿನ ತಪ್ಪಬಾರದು, ಮೇಲಿನ ಕಾಲುಭಾಗ ಸಣ್ಣಪುಟ್ಟ ಏರುಪೇರಿಗೆ. ಗೋಲ್‌ಕೀಪರ್ ಬೇಡ, ಕೋಚ್ ಬೇಡ, ಬ್ಯಾಂಕಿಗೆ ಒಂದು ಸಲ ದುಡ್ಡು ಕಳಿಸಿದರೆ ಮುಗಿಯುವ ಕೆಲಸ. ಅದೂ ಆಗಲಿಲ್ಲ. ಸೆಪ್ಟೆಂಬರಿನಲ್ಲಿ ಮೂರು ಅಂಕ ಹೋಯಿತು, ಅಂದರೆ ಒಂದು ಪಂದ್ಯದ ಗೆಲುವು. ತೆರಿಗೆ ಬಾಕಿಗೆ ಮುಂದಿನ ಫೆಬ್ರವರಿಯಲ್ಲಿ ಇನ್ನೆರಡು. 2021ರಿಂದ ಒಟ್ಟು 18. ಕಾಲ್ಚೆಂಡಿಗೂ ಇದರಲ್ಲಿ ಒಂದೇ ಒಂದು ಅಂಕಕ್ಕೂ ಸಂಬಂಧವಿಲ್ಲ.

2024ರ ಜನವರಿ 13ರಂದು ಪೋರ್ಟ್ ವೇಲ್ ಎದುರಿನ ಪಂದ್ಯದಲ್ಲಿ ಮೊದಲು ಟೆನ್ನಿಸ್ ಚೆಂಡುಗಳು ಮೈದಾನಕ್ಕೆ ಬಿದ್ದವು, 16ನೇ ನಿಮಿಷಕ್ಕೆ ಜನ ಇಳಿದರು, ಪಂದ್ಯ ರದ್ದಾಯಿತು. ಟೆನ್ನಿಸ್ ಚೆಂಡು ಯಾಕೆ ಅಂದರೆ ಹಗುರ, ಯಾರಿಗೂ ಪೆಟ್ಟಾಗಲ್ಲ, ಆದರೆ ಹೆಕ್ಕಿ ಮುಗಿಸುವ ತನಕ ರೆಫರಿ ಆಟ ಶುರು ಮಾಡುವ ಹಾಗಿಲ್ಲ. ಮಾಲೀಕನ ಹೆಸರನ್ನೇ ಸಾವಿಗೆ ತಳುಕು ಹಾಕಿದ ‘ಸೆಲ್ ಬಿಫೋರ್ ವಿ ಡೈ’ ಚಳವಳಿಯ ಫಲಕಗಳನ್ನು ಇಡೀ ದೇಶ ನೋಡಿತು. ಮಾರ್ಚಿನಲ್ಲಿ ಬೇರ್‌ವುಡ್ ಕೇಂದ್ರವನ್ನೇ ಪಕ್ಕದ ವಿಕಮ್ ಕ್ಲಬ್ಬಿಗೆ ಮಾರುವ ಮಾತು ಹೊರಬಿತ್ತು. ವಿರೋಧ ಎದ್ದು ವಿಕಮ್ ಹಿಂದೆ ಸರಿಯಿತು. ಹಸು ಕಟ್ಟಿಕೊಂಡು ಕೊಟ್ಟಿಗೆ ಮಾರಲು ಹೊರಟವರನ್ನು ಎಲ್ಲಾದರೂ ಕಂಡಿದ್ದೀರಾ?

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಹಿಳಾ ತಂಡಕ್ಕೆ, ಸದ್ದಾದದ್ದು ಅದಕ್ಕೇ ಕಮ್ಮಿ. 2023ರವರೆಗೆ ದೇಶದ ಅತ್ಯುನ್ನತ ಮಹಿಳಾ ಲೀಗಿನಲ್ಲಿ ಆಡುತ್ತಿದ್ದ ತಂಡವನ್ನು 2024ರ ಬೇಸಿಗೆಯಲ್ಲಿ ಖರ್ಚಿನ ಕಾರಣ ಎರಡನೇ ದರ್ಜೆಯಿಂದಲೂ ಹಿಂತೆಗೆದರು. ಮುಂದಿನ ಆಟ ಐದನೇ ದರ್ಜೆಯಲ್ಲಿ. ಪುರುಷರ ತಂಡದ ಸಂಬಳದ ಪಕ್ಕ ಇಟ್ಟು ನೋಡಿದರೆ ಅಲ್ಲಿ ಉಳಿದ ಹಣ ಚಿಲ್ಲರೆ. ಈ ಒಂದು ತೀರ್ಮಾನಕ್ಕೇ ಅರ್ಧ ಸ್ಟಾರೂ ಜಾಸ್ತಿ ಅನ್ನಬಹುದು.

ಹಾಗಿದ್ದರೆ ತಂಡಕ್ಕೆ ನಾಲ್ಕು ಸ್ಟಾರ್ ಯಾಕೆ? ಕೈಕಟ್ಟಿ ಕೂರಿಸಿದ ಕ್ಲಬ್ಬಿನಲ್ಲಿ, ಅಕಾಡೆಮಿಯ ಹುಡುಗರನ್ನು ಜೊತೆಗಿಟ್ಟುಕೊಂಡು ಕೋಚ್ ರುಬೆನ್ ಸೆಯೆಸ್ ಆರು ಅಂಕ ಕಡಿತದ ಸೀಸನ್ನಿನಲ್ಲೂ 17ನೇ ಸ್ಥಾನದಲ್ಲಿ ನಿಲ್ಲಿಸಿದರು. ಮರುವರ್ಷ ಅವರು ನಡುವೆಯೇ ಹಲ್ ಸಿಟಿಗೆ ಹೋದ ಮೇಲೆ ನೋಯೆಲ್ ಹಂಟ್ ಏಳನೇ ಸ್ಥಾನಕ್ಕೆ ತಂದರು. ಪ್ಲೇಆಫ್ ತಪ್ಪಿದ್ದು ಒಂದೇ ಸ್ಥಾನದಿಂದ. ಮುಂದೆ ಫ್ರಾನ್ಸ್ ತಂಡಕ್ಕೆ ಆಡಿದ ಮೈಕೆಲ್ ಒಲಿಸೆ ಮೊದಲ ಸಲ ದೊಡ್ಡವರ ಆಟ ಆಡಿದ್ದು ಇದೇ ಅಂಗಿಯಲ್ಲಿ. ದಿನಸಿ ಇಲ್ಲದ ಅಡುಗೆಮನೆಯಿಂದ ಊಟ ಬಂತು ಅಂದರೆ ಅದು ಅಡುಗೆಯವರ ಹೆಚ್ಚುಗಾರಿಕೆ, ಯಜಮಾನನದ್ದಲ್ಲ.

ಇಎಫ್‌ಎಲ್‌ಗೂ ಇಲ್ಲಿ ಪಾಲಿದೆ. ಡೈ ಕೈಯಲ್ಲಿದ್ದ ಬೆಲ್ಜಿಯಮ್ಮಿನ ರೂಸಲಾರ ಕ್ಲಬ್ 2020ರಲ್ಲಿ ದಿವಾಳಿಯಾಯಿತು, ಚೀನಾದ ಬೀಜಿಂಗ್ ರೆನ್ಹೆ ಮರುವರ್ಷ ಮುಚ್ಚಿತು. ಎರಡು ಮನೆಯ ದೀಪ ಆರಿದ್ದು ಕಣ್ಣೆದುರೇ ಇತ್ತು. ಮಾಲೀಕರ ಅರ್ಹತಾ ಪರೀಕ್ಷೆಯಲ್ಲಿ ಡೈ ಅನರ್ಹ ಅಂತ ಲೀಗ್ ಹೇಳಿದ್ದು 2025ರಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅಂಕ ಕಡಿತದ ಶಿಕ್ಷೆಯಲ್ಲೂ ಇದೇ ಎಡವಟ್ಟು: ತಪ್ಪು ಮಾಡಿದವನು ಸಾವಿರಾರು ಮೈಲಿ ದೂರ, ಬೆತ್ತದೇಟು ಟಿಕೆಟ್ ಕೊಂಡವನಿಗೆ.

ಮೂರನೇ, ನಾಲ್ಕನೇ ದರ್ಜೆಯ ಯಾವ ಕ್ಲಬ್ಬಿನ ಸೀಸನ್ ಟಿಕೆಟ್ ಕೊಳ್ಳುವ ಮುಂಚೆಯೂ ಅರ್ಧ ಗಂಟೆ ಕೂತು ನೋಡಬಹುದಾದ್ದು ಇದೆ. ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್ ಜಾಲತಾಣದಲ್ಲಿ ಕ್ಲಬ್ಬಿನ ಕಂಪನಿ ಹೆಸರು ಹುಡುಕಿ, ಪೂರ್ತಿ ಉಚಿತ. ಲೆಕ್ಕಪತ್ರ ಗಡುವು ಮೀರಿದ್ದರೆ ಮೇಲೆಯೇ ಬರೆದಿರುತ್ತದೆ. ಒಳಗೆ ವರಮಾನ ಮತ್ತು ಸಂಬಳದ ಅಂಕಿ ಕೊಟ್ಟಿದ್ದರೆ ಆ ಎರಡನ್ನೇ ತೆಗೆದು ಭಾಗಿಸಿ. ಸಂಬಳ ವರಮಾನವನ್ನು ದಾಟಿದ್ದರೆ ಆ ಅಂತರ ಯಾರು ತುಂಬುತ್ತಾರೆ ಅಂತ ಕೇಳಿ. ಲೆಕ್ಕಪರಿಶೋಧಕರು ಕಂಪನಿ ಮುಂದುವರಿಯುವ ಬಗ್ಗೆ ಅನುಮಾನದ ಸಾಲು ಬರೆದಿದ್ದಾರಾ, ಆಸ್ತಿ ಯಾರಿಗೆ ಅಡವಿದೆ, ಕ್ರೀಡಾಂಗಣ ಕ್ಲಬ್ಬಿನದೇ ಅಥವಾ ಮಾಲೀಕನ ಇನ್ನೊಂದು ಕಂಪನಿಯದೇ, ಇವೂ ಅಲ್ಲೇ ಸಿಗುತ್ತವೆ. ಕಂಪನಿ ಮುಚ್ಚಿಸುವ ಅರ್ಜಿಗಳು ‘ಗೆಜೆಟ್’ನಲ್ಲಿ ಬರುತ್ತವೆ. ಆಟಗಾರರ ನೋಂದಣಿಗೆ ತಡೆ ಇರುವ ಕ್ಲಬ್ಬುಗಳ ಪಟ್ಟಿಯನ್ನು ಇಎಫ್‌ಎಲ್ ತನ್ನ ತಾಣದಲ್ಲೇ ಹಾಕುತ್ತದೆ, ಯಾವ ನಿಯಮ ಮುರಿದದ್ದಕ್ಕೆ ಅನ್ನೋದೂ ಇರುತ್ತದೆ.

ದುಡ್ಡು ಕಟ್ಟುವ ರೀತಿಯೂ ಮುಖ್ಯ. ಕ್ಲಬ್ ಸಾಲ ತೀರಿಸಲಾಗದೆ ದಿವಾಳಿ ಕಾನೂನಿನ ಆಡಳಿತಾಧಿಕಾರಿಯ ಕೈಗೆ ಹೋದರೆ 12 ಅಂಕ ಕಡಿತ ಒಂದು ಕಡೆ. ಕ್ಲಬ್ಬಿನಿಂದ ಹಣ ಬರಬೇಕಾದವರ ಸಾಲಿನಲ್ಲಿ ಆಟಗಾರರು, ಬೇರೆ ಕ್ಲಬ್ಬುಗಳು ಮುಂದೆ, ಕ್ರೀಡಾಂಗಣಕ್ಕೆ ತಿಂಡಿ ಪೂರೈಸುವವರು, ಸೀಸನ್ ಟಿಕೆಟಿನವರು ತೀರಾ ಹಿಂದೆ. ಹಾಗಾಗಿ 100 ಪೌಂಡ್ ಮೀರಿದ ಟಿಕೆಟನ್ನು ನೇರವಾಗಿ ಕ್ಲಬ್ಬಿನಿಂದ, ಕ್ರೆಡಿಟ್ ಕಾರ್ಡಿನಲ್ಲೇ ಕೊಳ್ಳಿ; 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕೊಟ್ಟ ಬ್ಯಾಂಕೂ ಹೊಣೆ ಹೊರಬೇಕು. ಡೆಬಿಟ್ ಕಾರ್ಡಿಗೆ ಚಾರ್ಜ್‌ಬ್ಯಾಕ್ ಇದೆ, ಆದರೆ ಅದು ಕಾನೂನಲ್ಲ, ಕಾರ್ಡ್ ಕಂಪನಿಯ ಏರ್ಪಾಟು.

2025ರ ಮೇ 14ರಂದು ಮಾರಾಟ ಮುಗಿಯಿತು. ಕೊಂಡವರು ರಾಬ್ ಕೂಹಿಗ್, ಹಿಂದಿನ ವರ್ಷ ಬೇರ್‌ವುಡ್ ಕೇಳಿದ್ದಾಗ ವಿಕಮ್ ಮಾಲೀಕರಾಗಿದ್ದವರೇ. ಈ ಸಲ ಕ್ರೀಡಾಂಗಣ, ತರಬೇತಿ ಕೇಂದ್ರ ಎರಡೂ ಕ್ಲಬ್ ಜೊತೆಯಲ್ಲೇ ಬಂದವು, ಅದು ಒಳ್ಳೆಯ ಲಕ್ಷಣ. ಸ್ಟಾರ್ ಮಾತ್ರ ಈಗಲೇ ಇಲ್ಲ. ಕ್ಲಬ್ಬಿನ ಲೆಕ್ಕದ ವರ್ಷ ಮುಗಿಯೋದು ಜೂನ್ 30ಕ್ಕೆ, ಸಲ್ಲಿಸೋಕೆ ಒಂಬತ್ತು ತಿಂಗಳ ಗಡುವು. ಹೊಸಬರ ಮೊದಲ ಪೂರ್ಣ ವರ್ಷದ ಪುಸ್ತಕ ಹೊರಬರಬೇಕಾದ್ದು 2027ರ ಮಾರ್ಚ್ 31ರೊಳಗೆ.